ಗೊಂಬೆಗಳಿಲ್ಲದ ಗೊಂಬೆಮನೆ

ಆರಡಿಯ ಆಳು ಇಲ್ಲಿ ಬಂದು ನಿಂತರೆ ಆರಂಗುಲ, ಒಂದು ಗೇಣೂ ಆಗಲಾರ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ 68 ಥಾರ್ನ್ ಕಿರುಕೋಣೆಗಳ ಅಳತೆ ಅದು: ಅಡಿಗೊಂದು ಅಂಗುಲ. 13ನೇ ಶತಮಾನದ ಕೊನೆಯ ಯುರೋಪಿನಿಂದ ಹಿಡಿದು 1930ರ ದಶಕದವರೆಗಿನ ಮನೆಗಳ ಒಳಾಂಗಣಗಳನ್ನು ಸಿರಿವಂತೆ ನಾರ್ಸಿಸಾ ಥಾರ್ನ್ ನುರಿತ ಕುಶಲಕರ್ಮಿಗಳ ಕೈಯಲ್ಲಿ 1932ರಿಂದ 1940ರ ನಡುವೆ ಮಾಡಿಸಿದರು. ಮೇಜು, ಜಮಖಾನ, ತೂಗುದೀಪ ಎಲ್ಲ ಇವೆ. ಆ ಆರಂಗುಲದ ಆಳು ಮಾತ್ರ ಒಂದು ಕೋಣೆಯಲ್ಲೂ ಇಲ್ಲ.

ಈ ಕೋಣೆಗಳು ಚಿಕ್ಕವಾಗಿರುವುದಕ್ಕೇ ಚೆಂದ ಎನ್ನುವವರಿದ್ದಾರೆ. ನನಗೆ ಅದು ಅರೆಮಾತು ಅನ್ನಿಸುತ್ತದೆ. ಕುರ್ಚಿಯನ್ನು ಎಷ್ಟು ಕುಗ್ಗಿಸಿದರೂ ಕುರ್ಚಿಯೇ. ಮನುಷ್ಯನನ್ನು ಕುಗ್ಗಿಸಿದರೆ ಗೊಂಬೆ. ಬಟ್ಟೆಯೂ ಸ್ವಲ್ಪ ಇದೇ ಜಾತಿ: ಹನ್ನೆರಡರಲ್ಲೊಂದು ಪಾಲಿಗೆ ಕತ್ತರಿಸಿದರೆ ತನ್ನ ಭಾರಕ್ಕೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ಪರದೆಯ ನಿರಿಗೆಯನ್ನು ಹೇಗೋ ಹೆಣಗಿ ಕೂರಿಸಬಹುದು, ಮುಖವನ್ನು ಆಗದು. ಸೋಫಾದ ಮೇಲೆ ಒಬ್ಬ ಗೊಂಬೆರಾಣಿ ಕೂತಳೋ, ಇಡೀ ಕೋಣೆ ಆಟಿಕೆಯಾಯಿತು. ನಮ್ಮ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳೇ ಯಜಮಾನರು, ನಾವು ಆರತಿ ಎತ್ತುವ ಅತಿಥಿಗಳು. ಥಾರ್ನ್ ಕೋಣೆಯಲ್ಲಿ ಯಜಮಾನರ ಜಾಗ ಖಾಲಿ. ನೋಡುವವರ ಕಣ್ಣು ಹೋಗಿ ಅಲ್ಲಿ ಕೂರುತ್ತದೆ.

ಕೂತಲ್ಲೇ ಇರುವುದೂ ಇಲ್ಲ. ಹಿಂಬದಿಯಲ್ಲಿ ತೆರೆದ ಬಾಗಿಲು, ಅದರಾಚೆ ಮೆಟ್ಟಿಲಿನ ಒಂದು ತುಣುಕು, ಕಿಟಕಿಯ ಹೊರಗೆ ತೋಟ, ಎಲ್ಲಿಂದಲೋ ಓರೆಯಾಗಿ ಬಿದ್ದ ಬಿಸಿಲು (ವಿದ್ಯುದ್ದೀಪದ್ದೇ, ಆದರೂ ಬಿಸಿಲು). ಗಾಜಿಗೆ ಮೂಗು ತಾಗಿಸಿ ಕತ್ತು ಹೊರಳಿಸುವುದು ಆ ಮೆಟ್ಟಿಲು ಎಲ್ಲಿಗೆ ಹತ್ತಿತೆಂದು ತಿಳಿಯಲು. ಕಂಡ ಕುರ್ಚಿಗಿಂತ ಕಾಣದ ಮಹಡಿಯ ಸೆಳೆತ ಜಾಸ್ತಿ.

ಅದೇ ಶಿಕಾಗೊದಲ್ಲಿ ಹುಟ್ಟಿದ ಇನ್ನೊಬ್ಬ ಸಿರಿವಂತೆ, ಫ್ರಾನ್ಸಿಸ್ ಗ್ಲೆಸ್ನರ್ ಲೀ, 1940ರ ದಶಕದಲ್ಲಿ ಇದೇ ಅಳತೆಗೆ ಕಿರುಕೋಣೆಗಳನ್ನು ಕಟ್ಟಿಸಿದರು. ಅವುಗಳಲ್ಲಿ ಗೊಂಬೆಗಳಿವೆ, ಹೆಣಗಳಾಗಿ. ಅನುಮಾನದ ಸಾವು ನಡೆದ ಜಾಗವನ್ನು ಹೇಗೆ ನೋಡಬೇಕೆಂದು ಪೊಲೀಸರಿಗೆ ಕಲಿಸುವ ಪಾಠದ ಕೋಣೆಗಳವು. ಅಲ್ಲಿ ಗೋಡೆಯ ಕಲೆಯೂ ಒಂದು ಸಾಕ್ಷಿ.

ಆ ಪೊಲೀಸ್ ಕಣ್ಣನ್ನು ಥಾರ್ನ್ ಕೋಣೆಗಳಿಗೂ ತರಬೇಕು ಎಂಬುದು ನನ್ನ ವಾದ. ಮನುಷ್ಯರನ್ನು ಹೊರಗಿಟ್ಟರೆ ಕೋಣೆ ನಿಜವಾಗುತ್ತದೆ, ಒಪ್ಪಿದೆ. ಆದರೆ ಕೂತು ಉಂಡವರ ಜೊತೆಗೆ ನಿಂತು ಬಡಿಸಿದವರೂ ಹೊರಗಾಗುತ್ತಾರೆ. ವರ್ಜೀನಿಯಾ, ದಕ್ಷಿಣ ಕ್ಯಾರೊಲಿನಾಗಳ ಹಳೆಯ ಮನೆಗಳೂ ಈ ಸಾಲಿನಲ್ಲಿ ಥಳಥಳಿಸುತ್ತ ನಿಂತಿವೆ. 18ನೇ ಶತಮಾನದಲ್ಲಿ ಅಲ್ಲಿನ ಸಿರಿಮನೆಗಳಿಗೆ ಆ ಹೊಳಪು ಕೊಟ್ಟದ್ದು ಗುಲಾಮರ ಕೈ. ಥಾರ್ನ್ ಅದನ್ನು ಮುಚ್ಚಿಟ್ಟರು ಎಂದು ದೂರುವುದು ಅತಿಯಾದೀತು. ಗೊಂಬೆ ಬೇಡವೆಂದದ್ದು ಕಲೆಗಾತಿಯ ಜಾಣತನ. ಖಾಲಿ ಜಾಗದಲ್ಲಿ ಯಜಮಾನನಾಗಿಯೇ ಹೋಗಿ ಕೂರುವ ಚಾಳಿ ನಮ್ಮದು.

ದಕ್ಷಿಣ ಕ್ಯಾರೊಲಿನಾದ ಕೋಣೆಯ ಮುಂದೆ ಕತ್ತು ಹೊರಳಿಸುವಾಗ ಅಡುಗೆಮನೆ ಎಲ್ಲಿ ಎಂದೂ ಒಮ್ಮೆ ಹುಡುಕಿ. ಅಂಥ ಮನೆಗಳಲ್ಲಿ ಅದು ಹೆಚ್ಚಾಗಿ ಹಿತ್ತಲಿನ ಬೇರೆಯೇ ಕಟ್ಟಡದಲ್ಲಿರುತ್ತಿತ್ತು.