ಬೆಲೆ ಮತ್ತು ಬಾಳು



ಕಳೆದ ಹುಣ್ಣಿಮೆಯ ಅನುಭಾವಗೋಷ್ಠಿಯು ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ, ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಬಳಿಗೆ ಬಂದು ಕುಳಿತನು. ಈಗ ಅವನೂ ನಡುವಯಸ್ಸಿನವನು; ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಸಂಸಾರ ಸಾಗಿಸುತ್ತಾನೆ. ಅವನ ಮಗಳು ಒಳ್ಳೆಯ ಅಂಕಗಳನ್ನು ಪಡೆದು ಪಟ್ಟಣದ ಕಾಲೇಜಿಗೆ ಸೇರಿದ್ದಾಳೆ. ಅವಳಿಗೆ ಒಂದು ಲಕ್ಷ ಮೂವತ್ತೈದು ಸಾವಿರ ರೂಪಾಯಿಯ ಐಫೋನು ಬೇಕಾಗಿದೆ. ಗೆಳತಿಯರ ನಡುವೆ ತನ್ನ ಹಳೆಯ ಫೋನನ್ನು ಹೊರಗೆ ತೆಗೆಯಲು ಅವಳಿಗೆ ನಾಚಿಕೆಯಾಗುತ್ತದಂತೆ. ಅಂಗಡಿಯವನು ಬಡ್ಡಿಯಿಲ್ಲದ ಕಂತಿನ ಮೇಲೆ ಕೊಡುವೆನೆಂದಿದ್ದಾನೆ. ಮನೆಯಾಕೆಯ ಎರಡು ಬಳೆಗಳನ್ನು ಗಿರವಿಯಿಟ್ಟರೆ ಮೊದಲು ಕಟ್ಟಬೇಕಾದ ಹಣವೂ ಹೊಂದುತ್ತದೆ. ಇಷ್ಟನ್ನೂ ಹೇಳಿ, "ಗುರುಗಳೇ, ಆ ವಸ್ತುವು ಅಷ್ಟು ಬೆಲೆಬಾಳುತ್ತದೆಯೆ?" ಎಂದು ಕೇಳಿದನು.

ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆನು. ಏಕೆಂದರೆ ಉತ್ತರ ಹೇಳಬೇಕಾದವನ ಜೇಬಿನಲ್ಲಿಯೂ ಅಂಥದೇ ಒಂದು ಫೋನು ಇದ್ದಿತು. "ಯೋಚಿಸಿ ಹೇಳುತ್ತೇನಪ್ಪಾ" ಎಂದು ಅವನನ್ನು ಕಳುಹಿಸಿದೆನು. ಯೋಚಿಸಿದ್ದನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ನಿವೇದಿಸುತ್ತಿದ್ದೇನೆ.

ಅವನ ಪ್ರಶ್ನೆಯಲ್ಲಿಯೇ ಉತ್ತರದ ಬೀಜವಿದೆ. 'ಬೆಲೆಬಾಳು' ಎಂಬುದು ನಮ್ಮ ನುಡಿಯ ಸೊಗಸಾದ ಮಾತು. ಅದರಲ್ಲಿ ಎರಡು ಪದಗಳಿವೆ: ಒಂದು ಬೆಲೆ, ಇನ್ನೊಂದು ಬಾಳು. ಬೆಲೆಯನ್ನು ಮಾರುವವನು ಕಟ್ಟುತ್ತಾನೆ. ಬಾಳನ್ನು ಕಟ್ಟಬೇಕಾದವನು ಕೊಂಡವನು. ಕೊಟ್ಟ ಹಣವು ವಸ್ತುವಿನೊಳಗೆ ಎಷ್ಟು ಕಾಲ ಬಾಳಿತು, ಯಾರ ಬಾಳಿಗೆ ಒದಗಿತು ಎಂಬುದನ್ನು ನೋಡದೆ ಒಂದು ವಸ್ತುವನ್ನು ಬೆಲೆಬಾಳುವುದೆನ್ನಲಾಗದು. ಬಾಳಿಲ್ಲದ ಬೆಲೆಯು ಬರಿಯ ಅಂಕಿ.

ಮೊದಲು ಪೂರ್ವಪಕ್ಷಕ್ಕೆ ನ್ಯಾಯ ಸಲ್ಲಿಸೋಣ. ಬೆಲೆಯು ಏರಿರುವುದೆಲ್ಲ ಮಾರುವವರ ದುರಾಶೆಯಿಂದಲೇ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ಣಸತ್ಯವಲ್ಲ. 2017ರಲ್ಲಿ ಆಪಲ್ ಕಂಪನಿಯು ಐಫೋನ್ ಎಕ್ಸ್ ಎಂಬ ಫೋನನ್ನು ಅಮೆರಿಕೆಯಲ್ಲಿ 999 ಡಾಲರಿಗೆ ಮಾರಿತು. 2024ರಲ್ಲಿ ಅದೇ ಕಂಪನಿಯ ಐಫೋನ್ 16 ಪ್ರೋ ಎಂಬುದರ ಆರಂಭದ ಬೆಲೆಯೂ ಅಲ್ಲಿ 999 ಡಾಲರೇ. ಆದರೆ ನಮ್ಮ ದೇಶದಲ್ಲಿ ಮೊದಲನೆಯದಕ್ಕೆ 89,000 ರೂಪಾಯಿ ಇದ್ದರೆ ಎರಡನೆಯದಕ್ಕೆ 1,19,900 ರೂಪಾಯಿ ಆಯಿತು. ಅಲ್ಲಿ ನಿಂತ ಬೆಲೆ ಇಲ್ಲಿ ಏಕೆ ಏರಿತು? ಆ ಏಳು ವರ್ಷಗಳಲ್ಲಿ ಡಾಲರೊಂದಕ್ಕೆ ಸುಮಾರು 65 ರೂಪಾಯಿ ಇದ್ದುದು ಸುಮಾರು 84ಕ್ಕೆ ಹೋಯಿತು. ಫೋನುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2020ರ ಏಪ್ರಿಲಿನಿಂದ ನೂರಕ್ಕೆ 12ರ ಬದಲು 18 ಆಯಿತು. ಆಮದು ಸುಂಕವು 2018ರಲ್ಲಿ ನೂರಕ್ಕೆ 20ಕ್ಕೆ ಏರಿ, 2024ರ ಜುಲೈಯಲ್ಲಿ 15ಕ್ಕೆ ಇಳಿಯಿತು. ಮುಂದೆ 2025ರ ಐಫೋನ್ 17 ಪ್ರೋ ಅಮೆರಿಕೆಯಲ್ಲಿಯೇ 1,099 ಡಾಲರಾಗಿ, ಇಲ್ಲಿ 1,34,900 ರೂಪಾಯಿಗೆ ಬಂದಿತು. ಮಾಹಿತಿಯನ್ನು ತುಂಬಿಡುವ ಜಾಗವೂ ಅದರಲ್ಲಿ ಹಿಂದಿನದರ ಎರಡರಷ್ಟಿದೆ. ಆ ವರ್ಷದ ಕೊನೆಯ ತಿಂಗಳುಗಳಿಂದ ನೆನಪಿನ ಚಿಪ್ಪುಗಳ ಬೆಲೆಯು ಜಗತ್ತಿನಲ್ಲೆಲ್ಲ ತೀವ್ರವಾಗಿ ಏರತೊಡಗಿತು. ಅಂಥ ಚಿಪ್ಪುಗಳನ್ನು ಮಾಡುವ ಸ್ಯಾಮ್‌ಸಂಗ್, ಎಸ್‌.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರು ದೊಡ್ಡ ಕಂಪನಿಗಳ ಸರಕನ್ನು ಕೃತಕ ಬುದ್ಧಿಯ ಯಂತ್ರಾಗಾರಗಳು ಹೆಚ್ಚಿನ ಹಣ ತೆತ್ತು ಸೆಳೆದುಕೊಳ್ಳುತ್ತಿರುವುದೇ ಅದಕ್ಕೆ ಕಾರಣ.

ಹೀಗೆ ಏರಿಕೆಗೆ ಕಾರಣಗಳುಂಟು. ಆದರೆ ಬೆಲೆ ಏರಲು ಕಾರಣವಿದೆಯೆಂದ ಮಾತ್ರಕ್ಕೆ ಕೊಳ್ಳಲು ಕಾರಣವಿದೆಯೆಂದು ಅರ್ಥವಾಗುವುದಿಲ್ಲ. ರೂಪಾಯಿ ಕುಸಿದರೆ ಫೋನಿನ ಗುಣವು ವೃದ್ಧಿಸುವುದಿಲ್ಲ. ಬೆಲೆ ಏರಿತೆಂದರೆ ದುಡಿದವನ ಕೂಲಿ ಏರಿತೆಂದೂ ಅರ್ಥವಲ್ಲ. ಇದೇ ಫೋನುಗಳನ್ನು ಜೋಡಿಸುತ್ತಿದ್ದ ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಕಾರ್ಮಿಕರು ಕೂಲಿಗಾಗಿ ರೊಚ್ಚಿಗೆದ್ದು ಗಾಜುಗಳನ್ನು ಒಡೆದರು. ಒಡೆದದ್ದು ಸರಿಯಲ್ಲ, ಆದರೆ ಕೆಲವರಿಗೆ ಸಲ್ಲಬೇಕಾದ ಸಂಬಳವು ಸರಿಯಾಗಿ, ಸಕಾಲದಲ್ಲಿ ಸಲ್ಲಿರಲಿಲ್ಲವೆಂದು ಆ ಕಂಪನಿಯೇ ಬಳಿಕ ಒಪ್ಪಿ ಕ್ಷಮೆ ಬೇಡಿತು. ಆ ಕಾರ್ಖಾನೆ 2023ರಲ್ಲಿ ಟಾಟಾ ಸಂಸ್ಥೆಯ ಕೈಗೆ ಬಂದಿತು. ಕಾಯಕವನ್ನು ಪೂಜ್ಯವೆಂದು ಬಗೆಯುವವರು ಇದನ್ನು ಮರೆಯಬಾರದು.

ಇನ್ನು ಗುಣದ ಮಾತು. ದುಬಾರಿ ಫೋನಿನಲ್ಲಿ ಗುಣವಿಲ್ಲವೆಂದರೆ ಅಸತ್ಯವಾದೀತು. ಅದರ ಕ್ಯಾಮೆರಾ ಮೇಲು, ಗಾಜು ಗಟ್ಟಿ, ವೇಗ ಹೆಚ್ಚು. 2023ರಲ್ಲಿ ಗೂಗಲ್ ಕಂಪನಿಯೂ 2024ರಲ್ಲಿ ಸ್ಯಾಮ್‌ಸಂಗ್ ಕಂಪನಿಯೂ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷಗಳ ಕಾಲ ತಂತ್ರಾಂಶವನ್ನು ಹೊಸದುಮಾಡಿ ಕೊಡುವೆವೆಂದು ಮಾತು ಕೊಟ್ಟವು. ಆದರೆ ಮಾತನಾಡುವುದು, ಪಾಠ ಕೇಳುವುದು, ದಾರಿ ನೋಡುವುದು, ಯು.ಪಿ.ಐ. ಮೂಲಕ ಹಣ ಸಲ್ಲಿಸುವುದು, ಇವೆಲ್ಲವನ್ನೂ ಇಪ್ಪತ್ತು ಸಾವಿರದ ಫೋನೂ ಮಾಡುತ್ತದೆ. ತರಕಾರಿ ಮಾರುವವಳ ಖಾತೆಗೆ ಹೋದ ಹತ್ತು ರೂಪಾಯಿ ಯಾವ ಫೋನಿನಿಂದ ಹೋದರೂ ಹತ್ತೇ.

ಲೆಕ್ಕ ಬರೆಯುವವನಿಗೆ ಲೆಕ್ಕದಿಂದಲೇ ಉತ್ತರ ಹೇಳಬೇಕು. 1,34,900 ರೂಪಾಯಿಯ ಫೋನನ್ನು ಏಳು ವರ್ಷ ಬಳಸಿದರೆ ತಿಂಗಳಿಗೆ ಸುಮಾರು 1,606 ರೂಪಾಯಿ ಬೀಳುತ್ತದೆ. ಮೂರೇ ವರ್ಷಕ್ಕೆ ಬಿಟ್ಟರೆ ತಿಂಗಳಿಗೆ 3,747 ರೂಪಾಯಿ. ಹಳೆಯದನ್ನು ಮಾರಿ ಅರ್ಧ ಹಣ ಹಿಂದೆ ಬಂದಿತೆಂದೇ ಇಟ್ಟುಕೊಳ್ಳಿ. ಆಗಲೂ 1,874 ರೂಪಾಯಿ. ಇಪ್ಪತ್ತು ಸಾವಿರದ ಫೋನು ಮೂರೇ ವರ್ಷ ಬಂದು ಬಿಡಿಕಾಸಿಗೂ ಮಾರಾಟವಾಗದೆ ಹೋದರೂ ತಿಂಗಳಿಗೆ 556 ರೂಪಾಯಿ. 'ದುಬಾರಿಯದೇ ಕೊನೆಗೆ ಅಗ್ಗ' ಎಂಬ ಲೋಕೋಕ್ತಿಯು ಚಪ್ಪಲಿಗೂ ಕಂಬಳಿಗೂ ಸಲ್ಲಬಹುದು. ಈ ವಸ್ತುವಿನಲ್ಲಿ ಅದು ನಿಲ್ಲುವುದಿಲ್ಲ. ದೀರ್ಘಕಾಲ ಬಳಸಿದವನಿಗೆ ನಷ್ಟವು ಕಡಮೆಯಾಗುತ್ತದೆ, ಅಷ್ಟೆ.

ದೀರ್ಘಕಾಲ ಬಳಸಲು ನಮ್ಮನ್ನು ಬಿಡುವರೆ ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ತಂದೆಯವರ ಕೈಯಲ್ಲಿ ಎಚ್.ಎಂ.ಟಿ. ಗಡಿಯಾರವೊಂದಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಉದ್ಯಮದ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಸರ್ಕಾರವು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋದರೂ ತಂದೆಯವರ ಗಡಿಯಾರ ಈಗಲೂ ನಡೆಯುತ್ತಿದೆ. ಬಸ್ ನಿಲ್ದಾಣದ ಬಳಿಯ ರಿಪೇರಿಯವನು ಅದನ್ನು ಬಿಚ್ಚಿ ತೊಳೆದು ಎಣ್ಣೆ ಬಿಟ್ಟು ಕೊಡುತ್ತಾನೆ. ಈಗಿನ ಯಂತ್ರಗಳಾದರೋ ಅಂಟಿನಿಂದ ಮುಚ್ಚಿದವು. ಬಿಚ್ಚುವುದೇ ಒಂದು ವಿದ್ಯೆ. ವಸ್ತುವಿನ ಆಯುಸ್ಸನ್ನು ಬೇಕೆಂದೇ ಕುಗ್ಗಿಸುವ ಬುದ್ಧಿಯು ಹೊಸದೂ ಅಲ್ಲ. 1924ರಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿದ್ಯುದ್ದೀಪ ತಯಾರಕರು ಜಿನೀವದಲ್ಲಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡು, ಬಲ್ಬುಗಳು ಸಾವಿರ ಗಂಟೆಗಳಿಗಿಂತ ಹೆಚ್ಚು ಬಾಳದಂತೆ ಕಟ್ಟುಮಾಡಿಕೊಂಡಿದ್ದರು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯು, ಬ್ಯಾಟರಿ ಹಳತಾದ ತನ್ನ ಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದುಂಟೆಂದು ಒಪ್ಪಿಕೊಂಡಿತು. ಫೋನು ಒಮ್ಮೆಲೇ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂಬುದು ಅದರ ಸಮಾಧಾನ. ಆದರೆ ಕೊಂಡವನಿಗೆ ಅದನ್ನು ಮೊದಲೇ ತಿಳಿಸಿರಲಿಲ್ಲ. ತಿಳಿಯದ ಜನರು ಫೋನೇ ಮುದಿಯಾಯಿತೆಂದು ಬಗೆದು ಹೊಸದನ್ನು ಕೊಂಡರು. ಅನೇಕರಿಗೆ ಬೇಕಾಗಿದ್ದುದು ಹೊಸ ಬ್ಯಾಟರಿ ಮಾತ್ರ. ಎಣ್ಣೆ ತೀರಿತೆಂದು ಹಣತೆಯನ್ನು ತಿಪ್ಪೆಗೆ ಎಸೆಯುವವರುಂಟೆ?

ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ ಒಂದು ನಿಯಮವನ್ನು ಜಾರಿಗೆ ತಂದಿದೆ. ಅದರಂತೆ ಎಂಟುನೂರು ಸಲ ತುಂಬಿಸಿದ ಮೇಲೂ ಬ್ಯಾಟರಿಯಲ್ಲಿ ನೂರಕ್ಕೆ 80ರಷ್ಟು ಶಕ್ತಿ ಉಳಿಯಬೇಕು. ಮಾರಾಟ ನಿಂತ ಬಳಿಕ ಏಳು ವರ್ಷ ಬಿಡಿಭಾಗಗಳು ದೊರೆಯಬೇಕು. ನಮ್ಮ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಜಾಲತಾಣವನ್ನು ತೆರೆದಿದೆ. ಕೊಳ್ಳುವವನು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇದು ಕೆಟ್ಟರೆ ಸರಿಮಾಡಬಹುದೆ, ಅದಕ್ಕೆ ಎಷ್ಟಾಗುತ್ತದೆ?

ಹಾಗಾದರೆ ದುಬಾರಿ ಯಂತ್ರವನ್ನು ಯಾರೂ ಕೊಳ್ಳಬಾರದೆ? ಹಾಗಲ್ಲ. ನಮ್ಮೂರಿನಲ್ಲಿ ಮದುವೆ ಮುಂಜಿಗಳ ಚಿತ್ರ ತೆಗೆಯುವವನೊಬ್ಬನಿದ್ದಾನೆ. ಏಳು ವರ್ಷಗಳ ಹಿಂದೆ ಒಂದೂವರೆ ಲಕ್ಷ ಕೊಟ್ಟು ಕ್ಯಾಮೆರಾ ಕೊಂಡನು. ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇಡುತ್ತಾನೆ. ಮಳೆಗಾಲದಲ್ಲಿ ತನ್ನ ತಲೆ ನೆನೆದರೂ ಅದನ್ನು ನೆನೆಯಗೊಡುವುದಿಲ್ಲ. ಅದರ ದುಡಿಮೆಯಿಂದಲೇ ತಂಗಿಯನ್ನು ಓದಿಸಿದನು. ಕಮ್ಮಾರನಿಗೆ ತಿದಿ ಹೇಗೋ, ನೇಕಾರನಿಗೆ ಮಗ್ಗ ಹೇಗೋ, ಇವನಿಗೆ ಆ ಕ್ಯಾಮೆರಾ ಹಾಗೆ. ಅವನು ಕೊಟ್ಟ ಬೆಲೆಯು ನಿಜವಾಗಿಯೂ ಬಾಳಿತು. ಆದ್ದರಿಂದ ಬೆಲೆಯನ್ನು ಅಳೆಯುವ ಕೊಳಗವು ಕಾಯಕ. ಈ ವಸ್ತು ನನ್ನ ಕಾಯಕಕ್ಕೆ ಎಷ್ಟು ಬೇಕು? ಅದಕ್ಕಿಂತ ಹೆಚ್ಚಿನದು ಯಾರ ಕಣ್ಣಿಗಾಗಿ?

ಆಯ್ದಕ್ಕಿ ಮಾರಯ್ಯನ ಕಥೆಯು ನಿಮಗೆ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿಯಾದ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ನೋಡಿ, ಆ ಅಕ್ಕಿಗೆ ಬೆಲೆಯೇ ಇರಲಿಲ್ಲ, ನೆಲಕ್ಕೆ ಚೆಲ್ಲಿದ್ದು. ಆದರೂ ಅಳತೆ ಮೀರಿದ್ದೆಂಬ ಒಂದೇ ಕಾರಣಕ್ಕೆ ಆ ತಾಯಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಪುಕ್ಕಟೆ ಬಂದದ್ದಕ್ಕೇ ಅಷ್ಟು ವಿಚಾರವಿರಬೇಕಾದರೆ, ಬಳೆಯನ್ನು ಗಿರವಿಯಿಟ್ಟು ತರುವುದಕ್ಕೆ ಎಷ್ಟಿರಬೇಕು!

ಬಡ್ಡಿಯಿಲ್ಲದ ಕಂತಿನ ವಿಷಯವಾಗಿ ಒಂದು ಮಾತು. ಸೊನ್ನೆ ಬಡ್ಡಿಯೆಂಬ ಸಾಲವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಕಾಣದ ಬಡ್ಡಿಯು ಎಲ್ಲಿಯೋ ಅಡಗಿರುತ್ತದೆ: ರೊಕ್ಕ ಕೊಟ್ಟು ಕೊಂಡವನಿಗೆ ಸಿಗುವ ರಿಯಾಯಿತಿಯು ಕಂತಿನವನಿಗೆ ತಪ್ಪುವುದರಲ್ಲಿ, ಕಾಗದಪತ್ರದ ಶುಲ್ಕದಲ್ಲಿ, ಆ ಬಡ್ಡಿಯ ಮೇಲಿನ ತೆರಿಗೆಯಲ್ಲಿ. ಫೋನು ಎರಡನೆಯ ತಿಂಗಳಲ್ಲಿ ಕೈಜಾರಿ ಒಡೆದರೂ ಕಂತು ಒಡೆಯುವುದಿಲ್ಲ. ದುಡಿಯುವ ಸಾಧನಕ್ಕೆ ಮಾಡಿದ ಸಾಲವನ್ನು ಸಾಧನವೇ ತೀರಿಸುತ್ತದೆ. ತೋರಿಕೆಗೆ ಮಾಡಿದ ಸಾಲವನ್ನು ಮನೆಯವರ ಊಟ ಔಷಧಗಳು ತೀರಿಸಬೇಕಾಗುತ್ತದೆ.

ಇನ್ನು ಆ ಹುಡುಗಿಯ ನಾಚಿಕೆ. ಅದನ್ನು ಹಳಿದು ಉಪದೇಶ ಮಾಡುವುದು ಸುಲಭ; ಆದರೆ ಹಾಗೆ ಮಾಡಲು ನನಗೆ ಯೋಗ್ಯತೆಯಿಲ್ಲ. ಹಿಂದಿನ ವರ್ಷ ನನ್ನ ಮಗನು ಪ್ರೀತಿಯಿಂದ ದುಬಾರಿ ಫೋನೊಂದನ್ನು ತಂದುಕೊಟ್ಟನು. ಮೊದಲೆಲ್ಲ ಜೇಬಿನಲ್ಲಿಯೇ ಇರುತ್ತಿದ್ದ ಫೋನು ಆ ದಿನದಿಂದ ಪ್ರವಚನದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಬೆನ್ನು ಮೇಲಾಗಿ ಕುಳಿತುಕೊಳ್ಳತೊಡಗಿತು. ನಿರಾಡಂಬರವನ್ನು ಕುರಿತು ನಾನು ಮಾತನಾಡುತ್ತಿದ್ದಾಗಲೂ ಅದು ಅಲ್ಲಿಯೇ ಇತ್ತು! ಐವತ್ತು ದಾಟಿದ ಉಪಾಧ್ಯಾಯನಿಗೇ ಹೀಗಾದರೆ, ಹದಿನೆಂಟರ ಮಗುವನ್ನು ಏನೆನ್ನೋಣ? ಯಾರ ಕೈಯಲ್ಲಿ ಏನಿದೆಯೆಂದು ನೋಡಿ ಮಣೆ ಹಾಕುವುದನ್ನು ಹಿರಿಯರಾದ ನಾವೇ ಅವಳಿಗೆ ಕಲಿಸಿದ್ದೇವೆ. ಅವಳ ನಾಚಿಕೆಯ ಹೊರೆಯಲ್ಲಿ ನಮ್ಮದೂ ಒಂದು ಪಾಲಿದೆ.

ಮಗನು ಕೊಟ್ಟದ್ದನ್ನು ಹಿಂದಿರುಗಿಸಿದರೆ ಅವನ ಮನಸ್ಸು ನೋಯುತ್ತದೆ. ಆದ್ದರಿಂದ ಬೇರೊಂದು ಸಂಕಲ್ಪ ಮಾಡಿದ್ದೇನೆ. ಏಳು ವರ್ಷ ತುಂಬುವವರೆಗೆ ಇನ್ನೊಂದು ಫೋನನ್ನು ಮುಟ್ಟುವುದಿಲ್ಲ. ಬ್ಯಾಟರಿ ಸೊರಗಿದರೆ ಬ್ಯಾಟರಿಯನ್ನೇ ಹಾಕಿಸುವೆನು. ಅದರ ಒಳ್ಳೆಯ ಕ್ಯಾಮೆರಾದಿಂದ ಪಾಠಶಾಲೆಯ ತಾಳೆಗರಿಯ ಕಟ್ಟುಗಳ ಒಂದೊಂದು ಗರಿಯ ಚಿತ್ರವನ್ನೂ ತೆಗೆದಿಡುವ ಕೆಲಸವನ್ನು ಆರಂಭಿಸಿದ್ದೇನೆ. ಬೆಲೆ ಆಗಲೇ ಸಂದುಹೋಗಿದೆ, ಬಾಳನ್ನಾದರೂ ಕೊಡಬೇಕಷ್ಟೆ.

ನನ್ನ ಹಳೆಯ ವಿದ್ಯಾರ್ಥಿಗೆ ಉತ್ತರ ಇದು: ಅಪ್ಪಾ, ಆ ಫೋನು ಒಳ್ಳೆಯ ವಸ್ತು, ಆದರೆ ನಿನ್ನ ಮನೆಗೆ ಅದು ಅಷ್ಟು ಬೆಲೆಬಾಳುವುದಿಲ್ಲ. ಮಗಳನ್ನು ಬಳಿಯಲ್ಲಿ ಕೂರಿಸಿಕೊಂಡು ಮೇಲಿನ ಲೆಕ್ಕವನ್ನು ಅವಳ ಕೈಯಿಂದಲೇ ಬರೆಸು. ತಾಯಿಯ ಬಳೆಗಳ ಮಾತನ್ನೂ ಅವಳಿಂದ ಮುಚ್ಚಿಡಬೇಡ. ಓದಿಗೆ ಒದಗುವ ಒಂದು ಫೋನನ್ನು ರೊಕ್ಕ ಕೊಟ್ಟು ತಂದುಕೊಡು. ಮುಂದೆ ಅವಳ ದುಡಿಮೆಯೇ ದೊಡ್ಡ ಯಂತ್ರವನ್ನು ಬೇಡುವ ದಿನ ಬಂದರೆ, ಆಗ ಅವಳು ಕೊಳ್ಳಲಿ. ನಾನೇ ಬಂದು ಹರಸುವೆನು. ಅಲ್ಲಿಯವರೆಗೆ ಆ ಬಳೆಗಳು ಆ ತಾಯಿಯ ಕೈಯಲ್ಲಿಯೇ ಇರಲಿ.