ಗರಿ ಚಾಚುವ ಹುಳು

ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ದೇವರ ಕೃಪೆಗೆ ಜೀವದ ಪ್ರಯತ್ನವೂ ಬೇಕೇ ಎಂಬ ವಾದದಲ್ಲಿ ಶ್ರೀವೈಷ್ಣವರ ವಡಗಲೆಯವರು ಕೋತಿಮರಿಯನ್ನು ಹಿಡಿದರು, ತೆಂಗಲೆಯವರು ಬೆಕ್ಕಿನ ಮರಿಯನ್ನು. ಊರ್ಡಿಗೆರೆಯಲ್ಲಿ ಬೆಳೆದ ನನಗೆ ಈ ವಾದ ಪುಸ್ತಕದ್ದಲ್ಲ. ಹತ್ತಿರದ ದೇವರಾಯನದುರ್ಗದ ಬೆಟ್ಟದಲ್ಲಿ ನರಸಿಂಹನ ಗುಡಿಯ ಮೆಟ್ಟಿಲು ಹತ್ತುವಾಗ ಮರಿ ಕಟ್ಟಿಕೊಂಡ ಕೋತಿಗಳು ಎದುರಿಗೇ ಇರುತ್ತಿದ್ದವು. ಮುಂದೆ ಜೀವಶಾಸ್ತ್ರದ ಮೇಷ್ಟರಾದ ಮೇಲೆ, ಈ ಪ್ರಶ್ನೆಗೆ ಇನ್ನೊಂದು ಜೀವ ಇವೆರಡಕ್ಕಿಂತ ಚೆನ್ನಾಗಿ ಒಗ್ಗುತ್ತದೆ ಅನ್ನಿಸತೊಡಗಿತು.

ನಾನು ಆ ಜೀವದ ಮನೆ ಕಂಡದ್ದು ಪಡುವಣ ಕಡಲಿನ ಕಾರವಾರದಲ್ಲಿ: ಚಿಪ್ಪೊಂದಕ್ಕೆ ಅಂಟಿದ, ಅಂಕುಡೊಂಕಾದ ಬಿಳಿ ಸುಣ್ಣದ ಕೊಳವೆಗಳು. ಇದು ಸರ್ಪುಲಿಡ್ ಎಂಬ ಕೊಳವೆಹುಳುಗಳ ಕೆಲಸ. ಮರಿಹುಳು ಕೆಲವು ದಿನ ನೀರಿನಲ್ಲಿ ಈಜಾಡಿ, ಬ್ಯಾಕ್ಟೀರಿಯಾದ ಲೋಳೆ ಕಟ್ಟಿದ ಗಟ್ಟಿ ಜಾಗ ಹುಡುಕಿ ಅಲ್ಲೇ ಕೂರುತ್ತದೆ. ಆಮೇಲೆ ಏಳುವಂತಿಲ್ಲ. ಕೊರಳಪಟ್ಟಿಯ ಗ್ರಂಥಿಗಳಿಂದ ಸುಣ್ಣ ಸ್ರವಿಸಿ ಕೊಳವೆಯ ಬಾಯಂಚಿನಲ್ಲಿ ಉಂಗುರದ ಮೇಲೆ ಉಂಗುರ ಇಡುತ್ತ ಮನೆ ಉದ್ದ ಮಾಡುತ್ತದೆ. ಹಿಂದಿನ ತುದಿ ಮುಚ್ಚಿರುವುದರಿಂದ ಮಲವನ್ನೂ ಮೈಮೇಲಿನ ಸಣ್ಣ ಕಾಲುವೆಯೊಂದು ಮುಂಬಾಗಿಲಿಗೇ ಸಾಗಿಸುತ್ತದೆ. ಎಷ್ಟು ಅಚ್ಚುಕಟ್ಟು!

ತಲೆಯ ಮೇಲೆ ಗರಿಗಳ ಕಿರೀಟ. ಉಸಿರು ಅದರಿಂದಲೇ, ಊಟವೂ ಅದರಿಂದಲೇ. ಗರಿಯ ರೋಮಗಳು ಬಡಿದು ನೀರೆಳೆಯುತ್ತವೆ, ಸಿಕ್ಕ ಕಣಗಳು ಬಾಯಿಗೆ ಜಾರುತ್ತವೆ. ಹಲವು ಜಾತಿಗಳಲ್ಲಿ ಒಂದು ಗರಿಯೇ ಬಿರಡೆಯಾಗಿರುತ್ತದೆ. ನೆರಳು ಬಿದ್ದರೆ ಹುಳು ಸರಕ್ಕನೆ ಒಳಸೇರಿ ಬಾಗಿಲು ಜಡಿಯುತ್ತದೆ. ಒಳಗೆ ಭಯವಿಲ್ಲ, ಆದರೆ ಅನ್ನವೂ ಇಲ್ಲ. ಅನ್ನ ತರುವುದು ಕಡಲು. ಹುಳು ಅದರ ಹಿಂದೆ ಹೋಗಲಾರದು. ಮೀನು ಕಚ್ಚಬಹುದಾದಲ್ಲೇ ಗರಿ ಬಿಚ್ಚಿ ನಿಲ್ಲಬೇಕು. 1977ರಲ್ಲಿ ಗಲಾಪಗೋಸ್ ಬಳಿಯ ಆಳಗಡಲಲ್ಲಿ ಸಿಕ್ಕ ದೈತ್ಯ ಕೊಳವೆಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ; ಮೈಯೊಳಗಿನ ಬ್ಯಾಕ್ಟೀರಿಯಾಗಳೇ ಅಡುಗೆ ಮಾಡುತ್ತವೆ. ಆದರೂ ಆ ಅಡುಗೆಗೆ ಬೇಕಾದ ಗಂಧಕದ ಅನಿಲ ಹಿಡಿಯಲು ಅದು ಕೆಂಪು ಗರಿಯನ್ನು ಹೊರಚಾಚಲೇಬೇಕು. ಭಕ್ತಿಯೆಂದರೆ ನನಗೆ ಇದೇ: ಗಳಿಕೆಯೂ ಅಲ್ಲ, ಜೋಲುಬೀಳುವುದೂ ಅಲ್ಲ, ಅಪಾಯ ಗೊತ್ತಿದ್ದೂ ತೆರೆದುಕೊಂಡಿರುವುದು.

ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ನಮ್ಮಮ್ಮನಿಗೆ ಇದನ್ನು ಹೇಳಿದೆ. "ಚಾಚಕ್ಕೇ ತ್ರಾಣ ಇಲ್ದೋರು ಏನ್ಮಾಡ್ಬೇಕಪ್ಪ?" ಅಂದರು.

ಮೀನು ಕಿರೀಟ ಕಚ್ಚಿಕೊಂಡು ಹೋದರೂ ಹುಳು ಸಾಯಲೇಬೇಕೆಂದಿಲ್ಲ. ಕೊಳವೆಯೊಳಗೇ ಹೊಸ ಗರಿ ಚಿಗುರುತ್ತದೆ. ಆ ದಿನಗಳಲ್ಲಿ ಅದರ ಪ್ರಯತ್ನವೆನ್ನಲು ಏನೂ ಇರುವುದಿಲ್ಲ. ಅಮ್ಮನಿಗೆ ಅದನ್ನೂ ಹೇಳಿದೆ. ತೆಂಗಲೆಯವರು ಬೆಕ್ಕಿನ ಮರಿಯನ್ನು ಯಾರಿಗಾಗಿ ಹಿಡಿದರೆಂಬುದು ನನಗೆ ತಿಳಿದದ್ದು ಅವತ್ತೇ.