ವ್ರತದ ಹಸಿವು ಯಾರ ಪಾಲಿಗೆ?

ಮನೆಯಲ್ಲಿದ್ದಾಗ ಗೃಹಸ್ಥನ ವ್ರತವು ಸುಲಭವಾಗಿ ತೋರುತ್ತದೆ. ನೀರು ಸೋಸಿಟ್ಟಿರುತ್ತದೆ, ಹೊತ್ತು ಮುಳುಗುವ ಮುನ್ನವೇ ಅಡುಗೆ ಸಿದ್ಧವಾಗಿರುತ್ತದೆ, ಅಭಕ್ಷ್ಯವೆನಿಸಿದ ವಸ್ತು ಹೊಸ್ತಿಲು ದಾಟಿ ಒಳಗೆ ಬರುವುದೇ ಇಲ್ಲ. ಅನ್ಯ ಆಚಾರದ ಮಿತ್ರರೊಡನೆ ದೂರದ ಹಾದಿಯನ್ನು ಕಾಲ್ನಡಿಗೆಯಿಂದ ಸವೆಸಬೇಕಾಗಿ ಬಂದಾಗ ಮಾತ್ರ, ಆ ವ್ರತವು ನಿಜವಾಗಿ ಯಾರದು, ಅದರ ಶ್ರಮವನ್ನು ಹೊರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ಒಂದು ನಿದರ್ಶನದಿಂದ ಪರೀಕ್ಷಿಸಬಹುದು. ಕೊಡಗಿನ ಭಾಗಮಂಡಲವು ಕಾವೇರಿ, ಕನ್ನಿಕೆಯರು ಕೂಡುವ ಸ್ಥಳ. ಗುಪ್ತಗಾಮಿನಿಯಾದ ಸುಜ್ಯೋತಿಯೂ ಅಲ್ಲಿ ಸೇರುವಳೆಂದು ಜನರ ನಂಬಿಕೆ. ಪ್ರತಿವರ್ಷ ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾಸಂಕ್ರಮಣದಲ್ಲಿ ಯಾತ್ರಿಕರು ಅಲ್ಲಿನ ಸಂಗಮದಲ್ಲಿ ಮಿಂದು, ಸುಮಾರು 8 ಕಿ.ಮೀ. ದೂರದಲ್ಲಿ ಬ್ರಹ್ಮಗಿರಿಯ ಮಗ್ಗುಲಿಗಿರುವ ತಲಕಾವೇರಿಗೆ ಏರುತ್ತಾರೆ. ಜೈನರಿಗೆ ಕೊಡಗು ಅಪರಿಚಿತ ನೆಲವಲ್ಲ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, 11ನೆಯ ಶತಮಾನದ ಬಸದಿಗಳು ಇಂದಿಗೂ ನಿಂತಿವೆ. ರಾತ್ರಿಭೋಜನವನ್ನು ತ್ಯಜಿಸಿದ ಒಬ್ಬ ಶ್ರಾವಕ ತರುಣನು ಮೂವರು ಮಿತ್ರರೊಡನೆ ಮಡಿಕೇರಿಯಿಂದ ನಡೆದು ಹೊರಟು, ಆ ದಿನಗಳಲ್ಲಿ ಭಾಗಮಂಡಲವನ್ನು ಸೇರಿ, ಬೆಳಗಿನಲ್ಲಿ ತಲಕಾವೇರಿಗೆ ಏರತೊಡಗಿದನೆಂದು ಭಾವಿಸಬಹುದು.

ಮೊದಲ ಪರೀಕ್ಷೆ ನೀರಿನದು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆದ್ದರಿಂದ ಏರುಹಾದಿಯಲ್ಲಿ ಮತ್ತೆ ಮತ್ತೆ ನಿಂತು, ಎರಡು ಪದರದ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ತೊರೆಗೆ ಮೆಲ್ಲನೆ ಬಿಡಬೇಕಾಗುತ್ತದೆ. ಮಿತ್ರರು ಪ್ರತಿ ಸಲವೂ ಕಾಯುತ್ತ ನಿಲ್ಲುವಂತಾದರೆ ಆ ವ್ರತದ ಭಾರದಲ್ಲಿ ಒಂದು ಪಾಲು ಅವರ ಹೆಗಲಿಗೆ ಬಿದ್ದಂತೆಯೇ. ಹೊರಡುವ ಮುನ್ನ ನಸುಕಿನಲ್ಲೆದ್ದು ಎಲ್ಲರಿಗೂ ಸಾಲುವಷ್ಟು ನೀರನ್ನು ಸೋಸಿ ಕುದಿಸಿ ತುಂಬಿಕೊಂಡರೆ ಅದರ ಮರ್ಯಾದೆ ಒಂದು ಅಹೋರಾತ್ರಿಯವರೆಗೆ ಬೆಳೆಯುತ್ತದೆ; ಬಾಯಾರಿದ ಮೂವರಿಗೂ ಅದೇ ನೀರು ಒದಗುತ್ತದೆ. ವ್ರತ ಒಂದೇ, ಒಂದು ಬಗೆಯಲ್ಲಿ ಅದು ಮಿತ್ರರಿಗೆ ತೊಡಕು, ಇನ್ನೊಂದು ಬಗೆಯಲ್ಲಿ ಉಪಕಾರ. ನಡುವೆ ಇರುವ ಅಂತರ ಒಂದು ಗಳಿಗೆಯ ನಿದ್ರೆಯದು ಮಾತ್ರ.

ಇಂತಹ ಮುಂದಾಲೋಚನೆಯು ವ್ರತದ ಅಂಗವೇ ಹೊರತು ಕೇವಲ ಲೌಕಿಕ ಜಾಣತನವಲ್ಲ. ದಿಗ್ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಮೇಲ್ಮುಖದ ಮಿತಿಯನ್ನು ಮೀರುವುದು, ಕೊನೆಯದು ಕೈಗೊಂಡ ಮಿತಿಯನ್ನೇ ಮರೆಯುವುದು. ಪರ್ವತವನ್ನು ಏರುವವನ ಸ್ಥಿತಿಯನ್ನೂ ಪೂರ್ವಾಚಾರ್ಯರು ಮನಸ್ಸಿಗೆ ತಂದುಕೊಂಡಿದ್ದರೆಂಬುದು ಇದರಿಂದ ತಿಳಿಯುತ್ತದೆ. ಪ್ರಯಾಣದಲ್ಲಿ ಎದುರಾಗುವುದನ್ನು ಪ್ರಯಾಣಕ್ಕೆ ಮೊದಲೇ ಎಣಿಸುವುದು ವ್ರತಿಯ ಹೊಣೆ.

ಎರಡನೆಯ ಪರೀಕ್ಷೆ ಮಧ್ಯಾಹ್ನದ ಬುತ್ತಿಯದು. ಸಂಕ್ರಮಣದ ದಿನ ಕೊಡವರ ಮನೆಗಳಲ್ಲಿ ಮಾಂಸವನ್ನು ಬೇಯಿಸುವುದಿಲ್ಲ, ಮದ್ಯವನ್ನೂ ವರ್ಜಿಸುತ್ತಾರೆ. ಸಂಯಮವೆಂಬುದು ಒಂದೇ ಸಮಾಜದ ಸೊತ್ತಲ್ಲವೆಂಬುದನ್ನು ಶ್ರಾವಕನು ಅಲ್ಲಿ ಗೌರವದಿಂದ ಕಾಣಬೇಕು. ಮಿತ್ರನೊಬ್ಬನು ಬೆಳಗ್ಗೆ ಮಾಡಿದ ಅಕ್ಕಿರೊಟ್ಟಿಯನ್ನು ಬಿಚ್ಚಿ, ಅದರ ಮೇಲೆ ಕೊಡಗಿನ ಜೇನನ್ನು ಸುರಿದು ಪ್ರೀತಿಯಿಂದ ಮುಂದೊಡ್ಡುತ್ತಾನೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದು. ಇಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ನಿರಾಕರಣೆಯಲ್ಲಿಯೂ ಎರಡು ಬಗೆಗಳುಂಟು. “ಛೀ, ಇದನ್ನು ತಿನ್ನುತ್ತೀರಾ?” ಎಂಬುದು ಒಂದು. “ಜೇನು ನನಗೆ ನಿಷಿದ್ಧ, ಜೇನು ಹಾಕದ ರೊಟ್ಟಿಯಿದ್ದರೆ ಕೊಡು” ಎಂದು ಕೈಯೊಡ್ಡುವುದು ಇನ್ನೊಂದು. ಮೊದಲನೆಯದರಲ್ಲಿ ಜೇನನ್ನು ಬಿಟ್ಟವನು ಮಾನಕಷಾಯವನ್ನು ಉಂಡಿದ್ದಾನೆ.

ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳನ್ನೂ ವ್ರತಿಯು ಕಾಯಬೇಕೆಂಬುದು ನಿಜ. ಜೇನನ್ನು ತಾನು ತಿನ್ನಬೇಕಿಲ್ಲ, ತರಿಸಬೇಕಿಲ್ಲ, ಹೊಗಳಬೇಕಿಲ್ಲ. ಆದರೆ ಅನುಮೋದಿಸದಿರುವುದು ಬೇರೆ, ಅವಮಾನಿಸುವುದು ಬೇರೆ. ತತ್ತ್ವಾರ್ಥಸೂತ್ರವು ಸಕಲ ಜೀವಿಗಳಲ್ಲಿಯೂ ಮೈತ್ರಿಯನ್ನು, ಗುಣಾಧಿಕರಲ್ಲಿ ಪ್ರಮೋದವನ್ನು, ದುಃಖಿತರಲ್ಲಿ ಕಾರುಣ್ಯವನ್ನು, ವಿಪರೀತ ಬುದ್ಧಿಯವರಲ್ಲಿ ಮಾಧ್ಯಸ್ಥ್ಯವನ್ನು ಭಾವಿಸಲು ವಿಧಿಸುತ್ತದೆ. ಆ ಮೈತ್ರಿಗೆ ಸಮಾನ ಆಹಾರವೆಂಬ ಷರತ್ತನ್ನು ಅದು ಎಲ್ಲಿಯೂ ಹಾಕಿಲ್ಲ.

ಮೂರನೆಯ ಪರೀಕ್ಷೆಯೇ ಕಠಿಣವಾದುದು. ತಲಕಾವೇರಿಯಿಂದ ಇಳಿಯುವಾಗ ಸಂಜೆ ನಾಲ್ಕರ ವೇಳೆಗೆ ಒಬ್ಬ ಮಿತ್ರನ ಕಾಲು ಉಳುಕುತ್ತದೆ. ಸಂಕ್ರಮಣದ ಜನಸಂದಣಿಯಲ್ಲಿ ಜಾಗವಿರುವ ವಾಹನ ಬರುವವರೆಗೆ ರಸ್ತೆಯ ಬದಿಯಲ್ಲಿ ಕುಳಿತಿರಬೇಕು. ಶ್ರಾವಕನ ಬುತ್ತಿ ಭಾಗಮಂಡಲದ ಬಿಡಾರದಲ್ಲಿದೆ. ಆ ತಿಂಗಳಲ್ಲಿ ಅಲ್ಲಿ ಸೂರ್ಯಾಸ್ತವು ಆರು ಗಂಟೆಯ ಸುಮಾರಿಗೆ. ಎರಡು ಗಳಿಗೆ ಮೊದಲೇ ಊಟ ಮುಗಿಸುವ ನಿಯಮವಿದ್ದರೆ ಐದೂಕಾಲರೊಳಗೆ ಉಣ್ಣಬೇಕು. ಒಬ್ಬನೇ ಬಿರುಸಾಗಿ ಇಳಿದರೆ ಹೇಗೋ ತಲುಪಬಹುದು. “ನಿನಗೆ ವ್ರತವಿದೆ, ನೀನು ಮುಂದೆ ಹೋಗು” ಎಂದು ಮಿತ್ರರೇ ಹೇಳುತ್ತಾರೆ. ಹೋಗುವುದು ಧರ್ಮವೇ? ಉಳಿಯುವುದು ಧರ್ಮವೇ?

ವ್ರತಕ್ಕೂ ಮೈತ್ರಿಗೂ ಇಲ್ಲಿ ವಿರೋಧ ಬಂದಿದೆಯೆಂದು ಮೇಲುನೋಟಕ್ಕೆ ಅನಿಸುತ್ತದೆ. ವಿಚಾರಿಸಿ ನೋಡಿದರೆ ವಿರೋಧವೇ ಇಲ್ಲ. ಸೂರ್ಯಾಸ್ತವಾದ ಮೇಲೆ ಉಣ್ಣಬಾರದೆಂದು ವ್ರತವು ಹೇಳುತ್ತದೆ. ಸೂರ್ಯಾಸ್ತಕ್ಕೆ ಮೊದಲು ಉಣ್ಣಲೇಬೇಕೆಂದು ಅದು ಹೇಳುವುದಿಲ್ಲ. ಅದು ನಿವೃತ್ತಿಯ ವಿಧಿ. ಉಣ್ಣದೆ ಕುಳಿತವನ ವ್ರತ ಭಂಗವಾಗುವುದಿಲ್ಲ. ಹಾಗಾದರೆ ಗಾಯಗೊಂಡವನನ್ನು ಬಿಟ್ಟು ಓಡುವವನನ್ನು ಓಡಿಸುವುದು ವ್ರತವಲ್ಲ, ಹಸಿವು. ವ್ರತದ ಹೆಸರನ್ನು ಹಸಿವು ಎರವಲು ಪಡೆದಿರುತ್ತದೆ, ಅಷ್ಟೇ. ಉಳಿದವನ ವ್ರತವೂ ಉಳಿಯಿತು, ಮೈತ್ರಿಯೂ ಉಳಿಯಿತು. ತೆರಬೇಕಾದ ಬೆಲೆ ಒಂದು ಹೊತ್ತಿನ ಊಟ.

ಆ ಬೆಲೆಯನ್ನು ತೆರುವಾಗಲೂ ಎಚ್ಚರವಿರಬೇಕು. ರಾತ್ರಿ ಬಿಡಾರವನ್ನು ಸೇರಿದ ಮೇಲೆ, “ನೀನು ಉಣ್ಣದಿದ್ದರೆ ನಮಗೂ ಬೇಡ” ಎಂದು ಮಿತ್ರರು ಹೇಳಬಹುದು. ಆಗ ಸಪ್ಪೆ ಮೋರೆ ಮಾಡಿ ಕುಳಿತರೆ ಒಬ್ಬನ ತ್ಯಾಗವು ಮೂವರಿಗೆ ದಂಡವಾಗುತ್ತದೆ. “ನಿಯಮ ನನ್ನದು, ಅದರ ಹಸಿವೂ ನನ್ನದೇ, ನಿಮಗೆ ಅದರ ಕಟ್ಟುಪಾಡಿಲ್ಲ” ಎಂದು ಹೇಳಿ, ಮಿತ್ರನ ಕಾಲಿಗೆ ಕಟ್ಟು ಕಟ್ಟುತ್ತ ಪ್ರಸನ್ನಚಿತ್ತನಾಗಿರುವುದೇ ಆ ಹೊತ್ತಿನ ತಪಸ್ಸು. ತ್ಯಾಗವೂ ತಪವೂ ಶಕ್ತಿಗನುಗುಣವಾಗಿರಬೇಕೆಂದು ಷೋಡಶಕಾರಣ ಭಾವನೆಗಳು ತಿಳಿಸುತ್ತವೆ. ಮರುದಿನ ಬಳಲಿ ಬಿದ್ದು ಮಿತ್ರರು ಹೊತ್ತೊಯ್ಯುವಂತಹ ಉಪವಾಸವನ್ನು ಹಾದಿಯ ನಡುವೆ ಹಟದಿಂದ ಕೈಗೊಳ್ಳುವುದು ಈ ಮಾತಿಗೆ ಒಪ್ಪುವಂಥದಲ್ಲ.

ಇದಕ್ಕೆ ಪರಮಾದರ್ಶ ಮುನಿಗಳ ವಿಹಾರದಲ್ಲಿದೆ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ದಕ್ಷಿಣದಿಂದ ಸಮ್ಮೇದಶಿಖರದವರೆಗೆ, ಅಲ್ಲಿಂದ ಉತ್ತರ ಭಾರತದ ಊರೂರಿಗೆ ಸಂಘದೊಡನೆ ನಡೆದೇ ವಿಹರಿಸಿದರು. ದಿಗಂಬರ ಮುನಿಗೆ ದಿನಕ್ಕೆ ಒಂದೇ ಆಹಾರ. ಅದೂ ನಿಂತು, ಕೈಯನ್ನೇ ಪಾತ್ರೆಯಾಗಿಸಿಕೊಂಡು. ತುತ್ತಿನಲ್ಲಿ ಒಂದು ಕೂದಲು ಕಂಡರೂ ಅಂತರಾಯವೆಂದು ಕೈಬಿಟ್ಟು ಹಿಂತಿರುಗುತ್ತಾರೆ. ಬಡಿಸಿದವರ ಮೇಲೆ ಮುನಿಸಿಲ್ಲ, ಮತ್ತೊಮ್ಮೆ ಅಡುಗೆ ಮಾಡಿಸುವ ಮಾತಿಲ್ಲ. ವ್ರತವು ಮುನಿಯದು, ಹಸಿವೂ ಮುನಿಯದೇ.

ಗೃಹಸ್ಥನು ಈ ಅಳತೆಗೋಲನ್ನು ಮನೆಗೂ ತರಬೇಕು. ವ್ಯಾಪಾರ ಮುಗಿಸಿ ತಡವಾಗಿ ಬಂದವನು, ಹೊತ್ತು ಮುಳುಗುತ್ತಿದೆಯೆಂದು ಹೆಂಡತಿಯನ್ನೋ ಸೊಸೆಯನ್ನೋ ಗದರಿಸಿ ಅವಸರದಲ್ಲಿ ಬಡಿಸಿಕೊಂಡರೆ ಅವನು ರಾತ್ರಿಭೋಜನವನ್ನು ಬಿಟ್ಟಿರಬಹುದು, ಕ್ರೋಧವನ್ನು ಬಿಟ್ಟಿಲ್ಲ. ಎಲ್ಲರಿಗೂ ಬಡಿಸಿದ ಆಕೆಗೆ ತಾನು ಉಣ್ಣಲು ಬೆಳಕು ಉಳಿದಿದೆಯೇ ಎಂದು ಕೇಳುವವರು ಎಷ್ಟು ಮಂದಿ? ಎಷ್ಟೋ ಮನೆಗಳಲ್ಲಿ ಗಂಡಸರ ವ್ರತದ ಹಸಿವನ್ನು ಉಂಡವಳು ಆಕೆಯೇ. ತಡವಾದ ದಿನ ಸದ್ದಿಲ್ಲದೆ ಎಲೆಯನ್ನು ಬಿಟ್ಟೇಳುವುದು, ಹೊತ್ತಿಗೆ ಬಂದ ದಿನ ಬಡಿಸುವವಳನ್ನು ಮೊದಲು ಕೂರಿಸುವುದು — ಇವೆರಡೂ ಯಾವ ವ್ರತವಿಧಾನದ ಪುಸ್ತಕದಲ್ಲಿ ಇಲ್ಲದಿದ್ದರೂ ವ್ರತಕ್ಕೆ ಸೇರಿದವುಗಳೇ ಆಗಿವೆ.